ದುಡಿಯುವ ಕೈ ಅಗಲಿದಾಗ: ವಾಹನ ಅಪಘಾತದ ಸಾವಿಗೆ ಪರಿಹಾರ ಪಡೆಯುವ ಬಗೆ

ಸಂಸಾರವು ಜೋಡೆತ್ತಿನ ಬಂಡಿ. ಗಂಡ ಹೆಂಡತಿಯರಿಬ್ಬರೂ ನೊಗಕ್ಕೆ ಹೆಗಲು ಕೊಟ್ಟಾಗಲೇ ಅದು ಮುಂದೆ ಸಾಗುತ್ತದೆ. ಮಕ್ಕಳ ಆರೋಗ್ಯ, ವಿದ್ಯೆ, ಪೌಷ್ಟಿಕ ಆಹಾರ ಇವೆಲ್ಲವೂ ಆ ದುಡಿಮೆಯನ್ನೇ ನಂಬಿವೆ. ಇಬ್ಬರಲ್ಲಿ ಒಬ್ಬರು ರಸ್ತೆಯ ಅಪಘಾತದಲ್ಲಿ ಹಠಾತ್ತನೆ ತೀರಿಕೊಂಡರೆ ಮನೆಗೆ ದುಃಖದ ಜೊತೆಗೆ ಬಡತನವೂ ಕಾಲಿಡುತ್ತದೆ. ಸಾಲಗಾರರು ಬಾಗಿಲಿಗೆ ಬರುತ್ತಾರೆ. ಜಮೀನು ಅಡವಿಗೆ ಹೋಗುತ್ತದೆ. ಹುಡುಗ ಶಾಲೆ ಬಿಟ್ಟು ಕೂಲಿಗೆ ಹೊರಡುತ್ತಾನೆ. ಹುಡುಗಿಗೆ ವಯಸ್ಸು ತುಂಬುವ ಮೊದಲೇ ಮದುವೆಯ ಮಾತು ನಡೆಯುತ್ತದೆ. ಇಂತಹ ಕುಟುಂಬಕ್ಕೆ ಕಾನೂನು ಒದಗಿಸಿರುವ ಆಸರೆಯನ್ನು ಪ್ರತಿಯೊಬ್ಬ ದಂಪತಿಗಳೂ ಅರಿತಿರುವುದು ಅವಶ್ಯಕ.

ಪರಿಹಾರ ಭಿಕ್ಷೆಯಲ್ಲ, ಹಕ್ಕು

"ಸತ್ತವರ ಹಣ ನಮಗೇಕೆ?" ಎಂದು ಕೆಲವರು ಹಿಂಜರಿಯುತ್ತಾರೆ. ಈ ಭಾವನೆ ಸಹಜವಾದರೂ ಸರಿಯಲ್ಲ. ಪರಿಹಾರವು ಹೋದ ಜೀವದ ಬೆಲೆಯಲ್ಲ. ಮೃತರು ಬದುಕಿದ್ದರೆ ತಮ್ಮನ್ನು ನಂಬಿದವರಿಗಾಗಿ ಏನನ್ನು ದುಡಿದು ತರುತ್ತಿದ್ದರೋ ಅದನ್ನು ತುಂಬಿಕೊಡುವ ವ್ಯವಸ್ಥೆ ಅದು. 1988ರ ಮೋಟಾರು ವಾಹನಗಳ ಅಧಿನಿಯಮವು ಈ ಹಕ್ಕನ್ನು ನೀಡಿದೆ. ಇದಕ್ಕೆ 2019ರಲ್ಲಿ ತಂದ ತಿದ್ದುಪಡಿಯ ಪರಿಹಾರ ಸಂಬಂಧವಾದ ಭಾಗಗಳು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಮೃತರ ಪತ್ನಿ ಅಥವಾ ಪತಿ, ಮಕ್ಕಳು, ತಂದೆತಾಯಿ ಮೊದಲಾದ ಕಾನೂನುಬದ್ಧ ವಾರಸುದಾರರು ಪರಿಹಾರವನ್ನು ಕೇಳಬಹುದು.

ಮೊದಲ ದಿನಗಳಲ್ಲಿ ಮಾಡಬೇಕಾದುದು

ಅಪಘಾತವಾದ ಸ್ಥಳದ ಪೊಲೀಸ್ ಠಾಣೆಗೆ ಕೂಡಲೇ ದೂರು ಕೊಡಿ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ದುಃಖದಲ್ಲಿ ಒಂದೆರಡು ದಿನ ತಡವಾಯಿತೆಂಬ ಒಂದೇ ಕಾರಣಕ್ಕೆ ಹಕ್ಕು ನಷ್ಟವಾಗುವುದಿಲ್ಲ. ಆದರೆ ತಡಕ್ಕೆ ಕಾರಣ ಹೇಳಬೇಕಾಗುತ್ತದೆ. ಮರಣೋತ್ತರ ಪರೀಕ್ಷೆ ಬೇಡವೆಂದು ಹಟ ಹಿಡಿಯಬೇಡಿ. ಸಾವು ಅಪಘಾತದಿಂದಲೇ ಆಯಿತೆಂಬುದಕ್ಕೆ ಆ ವರದಿಯೇ ಮುಖ್ಯ ಸಾಕ್ಷ್ಯ. ಡಿಕ್ಕಿ ಹೊಡೆದ ವಾಹನದ ಸಂಖ್ಯೆಯನ್ನೂ ಕಣ್ಣಾರೆ ಕಂಡವರ ಹೆಸರುಗಳನ್ನೂ ಬರೆದಿಟ್ಟುಕೊಳ್ಳಿ. ಸಾವನ್ನು 21 ದಿನಗಳೊಳಗೆ ನೋಂದಾಯಿಸಿ ಮರಣ ಪ್ರಮಾಣಪತ್ರ ಪಡೆಯಿರಿ.

ಈ ಹೊತ್ತಿನಲ್ಲೇ ಕೆಲವರು ಮನೆಗೆ ಬಂದು, "ಕೋರ್ಟು ಕಚೇರಿ ಅಲೆದು ಏನು ಸಿಕ್ಕೀತು? ಇಷ್ಟು ತೆಗೆದುಕೊಂಡು ರಾಜಿಯಾಗಿ" ಎನ್ನುವುದುಂಟು. ತಿಥಿಯ ಖರ್ಚಿಗೆಂದು ಕೈಯಲ್ಲಿಟ್ಟ ನಾಲ್ಕು ಕಾಸು ಮಕ್ಕಳ ಇಡೀ ಬಾಳಿಗೆ ಸಾಲದು. ಖಾಲಿ ಕಾಗದಕ್ಕಾಗಲಿ, ಓದಿ ಅರ್ಥವಾಗದ ಪತ್ರಕ್ಕಾಗಲಿ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ.

ಅರ್ಜಿಯನ್ನು ಎಲ್ಲಿ, ಯಾವಾಗ ಸಲ್ಲಿಸಬೇಕು?

ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ಅಪಘಾತ ದೂರದ ಊರಿನಲ್ಲಿ ಆಗಿದ್ದರೂ ಅಲ್ಲಿಗೇ ಅಲೆಯಬೇಕಾಗಿಲ್ಲ. ಅಪಘಾತ ನಡೆದ ಸ್ಥಳ, ಅರ್ಜಿದಾರರು ವಾಸಿಸುವ ಸ್ಥಳ, ಎದುರುದಾರರು ವಾಸಿಸುವ ಸ್ಥಳ ಇವುಗಳಲ್ಲಿ ಯಾವುದರ ವ್ಯಾಪ್ತಿಯ ನ್ಯಾಯಮಂಡಳಿಯಾದರೂ ಸರಿಯೇ. ವಾಹನದ ಮಾಲೀಕ ಮತ್ತು ವಿಮಾ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಬೇಕು.

ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂದು ತಿದ್ದುಪಡಿಯಾದ ಕಾನೂನು ಹೇಳುತ್ತದೆ. ಈ ಅವಧಿಯ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದ್ದು, ತಡವಾದವೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಆ ನ್ಯಾಯಾಲಯವು ಮಧ್ಯಂತರ ಆದೇಶ ನೀಡಿತು. ಆದುದರಿಂದ ತಡವಾದವರು ಕೈಚೆಲ್ಲಿ ಕೂರಬಾರದು. ಸಮಯವಿರುವವರು ಆರು ತಿಂಗಳನ್ನು ಮೀರಲೇಬಾರದು.

ಬೇಕಾಗುವ ದಾಖಲೆಗಳು

ಪ್ರಥಮ ವರ್ತಮಾನ ವರದಿ, ಸ್ಥಳದ ಮಹಜರು, ಮರಣೋತ್ತರ ಪರೀಕ್ಷಾ ವರದಿ, ಆರೋಪಪಟ್ಟಿ, ವಾಹನದ ವಿಮಾ ಪತ್ರದ ಪ್ರತಿ, ಮರಣ ಪ್ರಮಾಣಪತ್ರ, ವಂಶವೃಕ್ಷ, ಮೃತರ ವಯಸ್ಸಿನ ದಾಖಲೆ ಇವುಗಳನ್ನು ಜೋಡಿಸಿಕೊಳ್ಳಿ. ಆದಾಯಕ್ಕೆ ಸಂಬಳದ ಚೀಟಿ ಇಲ್ಲವೆಂದು ರೈತರೂ ಕೂಲಿಗಾರರೂ ಎದೆಗುಂದಬೇಕಾಗಿಲ್ಲ. ಪಹಣಿ, ಹಾಲಿನ ಸಂಘದ ಪುಸ್ತಕ, ಫಸಲು ಮಾರಿದ ರಸೀದಿ, ಬ್ಯಾಂಕಿನ ಪುಸ್ತಕ, ಕೆಲಸ ಕೊಟ್ಟವರ ಸಾಕ್ಷ್ಯ ಇವೆಲ್ಲ ನೆರವಿಗೆ ಬರುತ್ತವೆ. ಏನೂ ಇಲ್ಲದಿದ್ದರೂ ನ್ಯಾಯಮಂಡಳಿಯು ಸಂದರ್ಭವನ್ನು ನೋಡಿ ಆದಾಯವನ್ನು ಅಂದಾಜು ಮಾಡುತ್ತದೆ.

ಪರಿಹಾರವನ್ನು ಲೆಕ್ಕ ಹಾಕುವ ಕ್ರಮ

ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಪ್ರಕರಣದಲ್ಲಿಯೂ 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿಯೂ ಇದಕ್ಕೆ ಒಂದು ಕ್ರಮವನ್ನು ಹಾಕಿಕೊಟ್ಟಿದೆ. ಉದಾಹರಣೆಗೆ, ತೀರಿಕೊಂಡ ಕೃಷಿ ಕೂಲಿಗಾರನಿಗೆ 34 ವರ್ಷವೆಂದೂ ಅವನ ತಿಂಗಳ ಆದಾಯ 12,000 ರೂಪಾಯಿ ಎಂದು ನ್ಯಾಯಮಂಡಳಿ ಒಪ್ಪಿತೆಂದೂ ಭಾವಿಸಿರಿ. ಅವನನ್ನು ನಂಬಿದ್ದವರು ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿ.

ವರ್ಷದ ಆದಾಯ 1,44,000 ರೂ. ಸ್ವಂತ ದುಡಿಮೆಯವರಿಗೆ 40 ವರ್ಷದೊಳಗಾದರೆ ಮುಂದಿನ ಏಳಿಗೆಗಾಗಿ ಶೇಕಡ 40 ಸೇರಿಸಬೇಕು. ಆಗ 2,01,600 ರೂ. ಅವಲಂಬಿತರು ನಾಲ್ವರಿಂದ ಆರು ಮಂದಿ ಇದ್ದರೆ ಮೃತನ ಸ್ವಂತ ಖರ್ಚೆಂದು ನಾಲ್ಕನೆಯ ಒಂದು ಭಾಗವನ್ನು ಕಳೆಯಬೇಕು. ಉಳಿಯುವುದು 1,51,200 ರೂ. 31ರಿಂದ 35ರ ವಯಸ್ಸಿಗೆ ಗುಣಕ 16. ಗುಣಿಸಿದರೆ 24,19,200 ರೂಪಾಯಿ. ಇದಲ್ಲದೆ ಅಂತ್ಯಕ್ರಿಯೆಯ ವೆಚ್ಚ, ಸಾಂಗತ್ಯದ ನಷ್ಟ ಮುಂತಾದುವಕ್ಕೆ ಬೇರೆ ಮೊತ್ತವುಂಟು. ಮನೆ ಬಾಗಿಲಿನ ರಾಜಿಗೆ ಒಪ್ಪುವ ಮೊದಲು ಈ ಲೆಕ್ಕವನ್ನು ನೆನೆಯಿರಿ. ಮೃತರದೂ ತಪ್ಪಿದ್ದರೆ ಆ ಪಾಲಿನಷ್ಟು ಮೊತ್ತ ಕಡಿಮೆಯಾಗುತ್ತದೆ.

ಗೃಹಿಣಿಯ ದುಡಿಮೆಗೂ ಬೆಲೆಯುಂಟು

"ಅವಳು ಮನೆಯಲ್ಲಿದ್ದವಳು, ಏನು ಸಂಪಾದಿಸುತ್ತಿದ್ದಳು?" ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಅಡುಗೆ, ನೀರು, ದನಕರು, ಹೊಲದ ಕಳೆ, ಮಕ್ಕಳ ಪಾಲನೆ, ಹಿರಿಯರ ಶುಶ್ರೂಷೆ ಇವೆಲ್ಲವೂ ದುಡಿಮೆಯೇ. ಗೃಹಿಣಿಯ ಕೆಲಸಕ್ಕೆ ಆದಾಯವನ್ನು ಕಟ್ಟಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿಯೂ 2021ರಲ್ಲಿಯೂ ಎತ್ತಿ ಹೇಳಿದೆ.

ತಪ್ಪು ಸಾಬೀತಾಗದಿದ್ದರೆ? ವಾಹನವೇ ಸಿಗದಿದ್ದರೆ?

ಚಾಲಕನ ತಪ್ಪನ್ನು ತೋರಿಸದೆಯೇ 164ನೆಯ ಕಲಮಿನಡಿ ಸಾವಿಗೆ 5 ಲಕ್ಷ ರೂಪಾಯಿ ಪಡೆಯುವ ಅವಕಾಶವಿದೆ. ಆದರೆ ವಿಮಾ ಕಂಪನಿ ಮುಂದಿಟ್ಟ ಆ ಮೊತ್ತವನ್ನು ಒಪ್ಪಿ ಪಡೆದರೆ ನ್ಯಾಯಮಂಡಳಿಯ ಮುಂದಿರುವ ಅರ್ಜಿ ರದ್ದಾಗುತ್ತದೆ. ಮೇಲಿನ ಲೆಕ್ಕದೊಡನೆ ತೂಗಿ ನೋಡಿಯೇ ತೀರ್ಮಾನಿಸಿರಿ.

ಡಿಕ್ಕಿ ಹೊಡೆದ ವಾಹನ ಓಡಿಹೋಗಿ ಪತ್ತೆಯಾಗದಿದ್ದರೆ ಮೃತರ ಕುಟುಂಬಕ್ಕೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಇದಕ್ಕೆ ಅಪಘಾತ ನಡೆದ ಪ್ರದೇಶದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ಅರ್ಜಿ ಕೊಡಬೇಕು.

ಚಾಲಕನ ಮೇಲಿನ ಕ್ರಿಮಿನಲ್ ಮೊಕದ್ದಮೆ ಬೇರೆ, ಪರಿಹಾರದ ಅರ್ಜಿ ಬೇರೆ. ಅಲ್ಲಿ ಅವನು ಬಿಡುಗಡೆಯಾದ ಮಾತ್ರಕ್ಕೆ ಇಲ್ಲಿ ನಿಮ್ಮ ಅರ್ಜಿ ಬಿದ್ದುಹೋಗುವುದಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ

1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯವೆಷ್ಟೇ ಇದ್ದರೂ ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕಾಣಿರಿ. 15100 ಸಂಖ್ಯೆಗೆ ದೂರವಾಣಿಯನ್ನೂ ಮಾಡಬಹುದು. ಲೋಕ ಅದಾಲತ್ತಿನಲ್ಲಿ ಬೇಗನೆ ರಾಜಿಯಾಗುವುದಕ್ಕೂ ಅವಕಾಶವಿದೆ. ಆದರೆ ಅಲ್ಲಿನ ತೀರ್ಪಿನ ಮೇಲೆ ಅಪೀಲು ಇಲ್ಲವಾದ್ದರಿಂದ ಮೊತ್ತವನ್ನು ಚೆನ್ನಾಗಿ ವಿಚಾರಿಸಿ ಒಪ್ಪಬೇಕು. ನ್ಯಾಯಮಂಡಳಿಯ ತೀರ್ಪು ತೃಪ್ತಿಕರವಲ್ಲದಿದ್ದರೆ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು.

ಬಂದ ಹಣವು ಮಕ್ಕಳ ಬಾಳಿಗೆ

ನ್ಯಾಯಮಂಡಳಿಯು ಪತ್ನಿ, ಮಕ್ಕಳು, ತಂದೆತಾಯಿಗಳ ಪಾಲನ್ನು ಬೇರೆ ಬೇರೆಯಾಗಿ ಗೊತ್ತುಪಡಿಸಿ, ಚಿಕ್ಕ ಮಕ್ಕಳ ಪಾಲನ್ನು ಸಾಮಾನ್ಯವಾಗಿ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತದೆ. ಹಿರಿಯರೇ, ಸೊಸೆಯ ಪಾಲು ಸೊಸೆಯದು. ಅದನ್ನು ಅವಳ ಕೈಯಿಂದ ಬಿಡಿಸಿಕೊಳ್ಳುವುದು ಮೊಮ್ಮಕ್ಕಳ ಅನ್ನವನ್ನು ಕಸಿದಂತೆ.

ಇಂದೇ ಮಾಡಬೇಕಾದ ಕೆಲಸ

ನಿಮ್ಮ ವಾಹನದ ವಿಮೆಯನ್ನು ಅವಧಿ ಮುಗಿಯುವ ಮೊದಲೇ ನವೀಕರಿಸಿರಿ. ವಿಮೆಯಿಲ್ಲದ ವಾಹನದಿಂದ ಬೇರೊಬ್ಬರು ಸತ್ತರೆ ಆ ಹೊಣೆ ನಿಮ್ಮ ಹೊಲಮನೆಯ ಮೇಲೆ ಬೀಳುತ್ತದೆ. ಮದುವೆಗೆ, ಜಾತ್ರೆಗೆ ಸರಕಿನ ಲಾರಿಯಲ್ಲಿ ಜನರನ್ನು ತುಂಬಿಕೊಂಡು ಹೋಗಬೇಡಿ. ಹಾಗೆ ಸರಕು ವಾಹನದಲ್ಲಿ ಪ್ರಯಾಣಿಸುವವರ ಹೊಣೆ ವಿಮಾ ಕಂಪನಿಯದಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪಿತ್ತಿದೆ.

ವಿಮಾ ಪತ್ರ, ಪಹಣಿ, ಬ್ಯಾಂಕಿನ ಪುಸ್ತಕ ಎಲ್ಲಿವೆಯೆಂಬುದು ಗಂಡನಿಗೆ ಮಾತ್ರ ತಿಳಿದಿದ್ದರೆ ಸಾಲದು, ಹೆಂಡತಿಗೂ ತಿಳಿದಿರಲಿ. ಇಬ್ಬರೂ ಕುಳಿತು ಈ ಕಾಗದಗಳನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿಡಿ. ಅಪಾಯವನ್ನು ಮಾತನಾಡುವುದು ಅಪಶಕುನವಲ್ಲ; ಮಕ್ಕಳನ್ನು ಹೆತ್ತವರು ನಡೆಸಬೇಕಾದ ಕರ್ತವ್ಯ. ನೆರೆಮನೆಗೆ ಇಂತಹ ದುಃಖ ಬಂದಾಗ ಸಾಂತ್ವನದ ಮಾತಿನ ಜೊತೆಗೆ ಈ ವಿಷಯವನ್ನೂ ತಿಳಿಸಿ, ಠಾಣೆಗೂ ತಾಲ್ಲೂಕು ಕಚೇರಿಗೂ ಜೊತೆಯಾಗಿ ಹೋಗಿಬನ್ನಿರಿ.