ಚಿತ್ರಗೀತೆಯೊಳಗಿನ ಕಂಸಾಳೆ

ಚಿತ್ರಗೀತೆಗಳನ್ನು ಕೇಳುವುದು ಬರಿಯ ಕಾಲಹರಣವೆಂದು ಹಿರಿಯರಲ್ಲಿ ಕೆಲವರು ಹೇಳುವುದುಂಟು. ಕಿವಿಯನ್ನು ತುಸು ಚುರುಕಾಗಿಟ್ಟುಕೊಂಡರೆ ಅವುಗಳಲ್ಲಿಯೂ ನಾಡುನುಡಿಗಳ ಚರಿತ್ರೆ ದೊರಕುತ್ತದೆ. ಇದಕ್ಕೆ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಿಂದ ಕೆಲವು ನಿದರ್ಶನಗಳನ್ನು ವಾಚಕರ ಮುಂದಿಡುತ್ತೇನೆ.

1996ರಲ್ಲಿ ತೆರೆಕಂಡ ‘ಜನುಮದ ಜೋಡಿ’ ಚಿತ್ರವನ್ನು ನೀವು ನೋಡಿರಬಹುದು. ಟಿ. ಎಸ್. ನಾಗಾಭರಣರ ನಿರ್ದೇಶನ, ವಿ. ಮನೋಹರರ ಸಂಗೀತ. ಕಥೆಯ ಮೂಲ ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿ. ಅದರಲ್ಲಿ ಎಲ್. ಎನ್. ಶಾಸ್ತ್ರಿಯವರು ಹಾಡಿದ ಕೋಲುಮಂಡೆ ಜಂಗಮನ ಹಾಡು ಮಾತ್ರ ಗುಜರಾತಿನದೂ ಅಲ್ಲ, ಚಿತ್ರಕ್ಕೆಂದು ಹುಟ್ಟಿದ್ದೂ ಅಲ್ಲ. ಮಲೆಯ ಮಹದೇಶ್ವರನ ಗುಡ್ಡರು ತಲೆತಲಾಂತರದಿಂದ ಹಾಡಿಕೊಂಡು ಬಂದದ್ದು. ಅದರಲ್ಲಿ ‘ಕೋರಣ್ಯ’ ಎಂಬ ಮಾತು ಬರುತ್ತದೆ. ಜಂಗಮನು ಮನೆಮನೆಗೆ ಹೋಗಿ ಬೇಡುವ ಭಿಕ್ಷೆಗೆ ಆ ಹೆಸರು. ಹಳ್ಳಿಯ ಗಾಯಕರ ಬಾಯಲ್ಲಿ ಅದು ‘ಕ್ವಾರಣ್ಯ’ವಾಗುತ್ತದೆ. ಇದನ್ನು ಅಶುದ್ಧವೆಂದು ತಳ್ಳಬೇಡಿ. ಕೋಣ ‘ಕ್ವಾಣ’ವಾಗುವಂತೆ, ತೋಳ ‘ತ್ವಾಳ’ವಾಗುವಂತೆ, ಇದು ಈ ಸೀಮೆಯ ನುಡಿಗೆ ಸಹಜವಾದ ನಿಯಮ.

ಕಂಸಾಳೆಯೆಂದರೇನು? ಕಾಂಸ್ಯವೆಂದರೆ ಕಂಚು, ಕಂಚಿನ ತಾಳವೇ ಕಂಸಾಳೆ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆಯ ತಾಳ. ಕುಳಿತು ಕಥೆ ಹಾಡುವಾಗ ಇವು ಲಯವನ್ನು ಹಿಡಿಯುತ್ತವೆ. ಜೊತೆಗೆ ದಮ್ಮಡಿ, ಏಕತಾರಿಗಳಿರುತ್ತವೆ. ಒಬ್ಬನು ಕಥೆಯನ್ನು ನಡೆಸುತ್ತಾನೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಎದ್ದು ನಿಂತು, ದಾರದ ತಾಳವನ್ನು ಮೈಯ ಸುತ್ತ ಬೀಸಿ ಬಡಿಯುತ್ತ ಕುಣಿದರೆ ಅದು ಬೀಸು ಕಂಸಾಳೆ. ನೋಡಲು ಬೆರಗು, ಲೆಕ್ಕ ತಪ್ಪಿದರೆ ಪೆಟ್ಟು.

ಈ ಬೀಸು ಕಂಸಾಳೆಯನ್ನು 2005ರ ‘ಜೋಗಿ’ ಚಿತ್ರದಲ್ಲಿಯೂ ಕಾಣಬಹುದು. ಅದರ ನಾಯಕನ ಹೆಸರು ಮಾದೇಶ. ಮಹದೇಶ್ವರನ ಹೆಸರಿನ ಬಳಕೆಯ ರೂಪ. ಎರಡು ಚಿತ್ರಗಳಲ್ಲಿಯೂ ನಾಯಕ ಶಿವರಾಜಕುಮಾರ್. ಅವರ ತಾತ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರಂಗಭೂಮಿಯ ನಟರು. ಸಿಂಗಾನಲ್ಲೂರು ಇರುವುದು ಈ ಜಿಲ್ಲೆಯಲ್ಲಿಯೇ. ಇಷ್ಟನ್ನು ಒಂದೆಡೆ ಬರೆದಿಟ್ಟು ನೋಡಿ: ಬೆಟ್ಟದ ದೇವರು, ಪಕ್ಕದ ಸೀಮೆಯ ನಟರ ಮನೆತನ, ಪಟ್ಟಣದ ಚಿತ್ರಮಂದಿರ ಒಂದೇ ದಾರದಲ್ಲಿ ಸೇರುತ್ತವೆ.

ಮಲ್ಲಿಗೆಯನ್ನು ಚೆಲ್ಲುವ ಪ್ರಸಿದ್ಧವಾದ ಹಾಡೊಂದಿದೆ. ಅದು ಮದುವೆಯ ಹಾಡೆಂದು ಎಣಿಸುವವರುಂಟು. ಲಕ್ಷ್ಯವಿಟ್ಟು ಕೇಳಿರಿ, ಹೂ ಚೆಲ್ಲುವುದು ಮಾದೇವನಿಗೆ. ಅವನಿಗಿರುವ ‘ಮಾಯ್ಕಾರ’ ಎಂಬ ವಿಶೇಷಣ ಮೋಸಗಾರನೆಂಬ ಅರ್ಥದ್ದಲ್ಲ. ತಿಳಿಯಲಾಗದ ಲೀಲೆಯುಳ್ಳವನು ಎಂದರ್ಥ.

ಹಾಡುವ ನುಡಿ ಗುಂಡ್ಲುಪೇಟೆಯ ಕಡೆಗೂ ನಮ್ಮನ್ನು ಕರೆದೊಯ್ಯುತ್ತದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗಾಗಿ ಅಲ್ಲಿ ಪರವಾಸುದೇವನ ಗುಡಿಯನ್ನು ಕಟ್ಟಿಸಿದರು. ಅವರ ಹೆಸರಿನಲ್ಲಿರುವ ‘ಗೀತಗೋಪಾಲ’ವು ಜಯದೇವನ ‘ಗೀತಗೋವಿಂದ’ದ ಮೇಲ್ಪಂಕ್ತಿಯಲ್ಲಿ ಹುಟ್ಟಿದ ಕನ್ನಡದ ಹಾಡುಗಬ್ಬ. ಅವರ ಆಸ್ಥಾನದ ಸಂಚಿಯ ಹೊನ್ನಮ್ಮ ಯಳಂದೂರಿನವಳು. ‘ಹದಿಬದೆಯ ಧರ್ಮ’ವನ್ನು ಹಾಡಲು ಒದಗುವ ಸಾಂಗತ್ಯದಲ್ಲಿ ಬರೆದಳು. ಅರಮನೆಯ ಹಾಡು ಓಲೆಗೇರಿ ಉಳಿಯಿತು. ಗುಡ್ಡರ ಹಾಡಿಗೆ ಬಹುಕಾಲ ನಾಲಗೆಯೊಂದೇ ಆಸರೆಯಾಗಿತ್ತು. 1973ರಲ್ಲಿ ಪಿ. ಕೆ. ರಾಜಶೇಖರರು ಮಹದೇಶ್ವರ ಕಾವ್ಯವನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು.

ಆ ಕಾವ್ಯದ ಭಾಗಗಳಿಗೆ ‘ಸಾಲು’ ಎಂದು ಹೆಸರು. ಸಂಕಮ್ಮನ ಸಾಲಿನಲ್ಲಿ, ಕಾಡಿಗೆ ಹೊರಟ ಗಂಡನು ಹೆಂಡತಿಯನ್ನು ಶಂಕಿಸಿ ಆಣೆಯಿಡೆನ್ನುತ್ತಾನೆ. ಅವಳು ಒಪ್ಪುವುದಿಲ್ಲ, ಅದಕ್ಕಾಗಿ ಘೋರ ಹಿಂಸೆಯನ್ನು ಪಡುತ್ತಾಳೆ. ಜಂಗಮನಾಗಿ ಬಂದ ಮಾದೇವನು ಅವಳ ಪಕ್ಷವನ್ನು ವಹಿಸುತ್ತಾನೆ. ರಾತ್ರಿಯೆಲ್ಲ ಹಾಡುವಂಥ ಇಂಥ ಕಥೆಯ ನೋವೂ ನ್ಯಾಯವೂ ನಾಲ್ಕೈದು ನಿಮಿಷದ ಚಿತ್ರಗೀತೆಯಲ್ಲಿ ಹಿಡಿಸಲಾರವು. ಚಿತ್ರವನ್ನು ಇದಕ್ಕಾಗಿ ದೂರಬೇಕಾಗಿಲ್ಲ. ಅದು ಬಾಗಿಲನ್ನು ತೋರಿಸಿದೆ, ಒಳಹೊಕ್ಕು ನೋಡುವುದು ಕೇಳುಗರ ಕೆಲಸ.

ಇನ್ನೊಂದು ಮಾತು. ಇಂಥ ಹಾಡುಗಳ ಕರ್ತೃಗಳ ಜಾಗದಲ್ಲಿ ಅನೇಕ ವೇಳೆ ‘ಜನಪದ’ ಎಂಬ ಒಂದೇ ಮಾತಿರುತ್ತದೆ. ಮೂಲಕವಿಯ ಹೆಸರು ತಿಳಿಯದಿರುವಾಗ ಅದು ಸರಿಯೇ. ಆದರೆ ಅದನ್ನು ಇಲ್ಲಿಯವರೆಗೆ ಹೊತ್ತು ತಂದ ಹಾಡುಗಾರನಿಗೆ ಹೆಸರುಂಟು, ಊರುಂಟು, ಸಂಸಾರವುಂಟು. ಹಾಡಿಗೆ ಸಲ್ಲುವ ಕೋರಣ್ಯವೇ ಅವನಲ್ಲಿ ಅನೇಕರಿಗೆ ಜೀವನಾಧಾರವಾಗಿತ್ತು. ಮಗನು ಬೇರೆ ಕಸುಬನ್ನು ಹಿಡಿದರೆ ಅವನನ್ನು ಆಕ್ಷೇಪಿಸುವ ಹಕ್ಕು ನಮಗಿಲ್ಲ. ಅಷ್ಟು ಸಾಲುಗಳು ಮಾತ್ರ ಆ ಮನೆಯಲ್ಲಿಯೇ ನಿಂತುಹೋಗುತ್ತವೆ.

ಆದಕಾರಣ, ದೀಪಾವಳಿ, ಶಿವರಾತ್ರಿ, ಯುಗಾದಿಗಳಲ್ಲಿ ಬೆಟ್ಟದ ಜಾತ್ರೆಗೆ ಹೋದಾಗ ಕಂಸಾಳೆಯವರ ಬಳಿ ಅರ್ಧ ಗಂಟೆ ಕುಳಿತುಕೊಳ್ಳಿ. ಯಾವ ಸಾಲೆಂದು ಕೇಳಿ, ಯಾರಿಂದ ಕಲಿತರೆಂದು ಕೇಳಿ, ಅವರ ಹೆಸರನ್ನು ಬರೆದುಕೊಳ್ಳಿ. ಅವರ ಜೋಳಿಗೆಗೆ ಸಲ್ಲಬೇಕಾದುದನ್ನು ಮರೆಯದೆ ಸಲ್ಲಿಸಿರಿ.