ನಮ್ಮ ಗಣಕಯಂತ್ರಕ್ಕೇಕೆ ಇಷ್ಟು ತಡ?



ನಮ್ಮಲ್ಲಿ ಗಣಕಯಂತ್ರದ ಪಾಠಕ್ಕೆ ವಾರದಲ್ಲಿ ಎರಡು ಅವಧಿಗಳು, ಒಂದೊಂದು 40 ನಿಮಿಷ. ಹೋದ ವರ್ಷ ಮೂಲೆಯ ಹಳೆಯ ಯಂತ್ರದ ಗುಂಡಿ ಒತ್ತಿದರೆ ಅದು ಕೆಲಸಕ್ಕೆ ಸಿದ್ಧವಾಗಲು 9 ನಿಮಿಷ ಹಿಡಿಯುತ್ತಿತ್ತು. ವಾರಕ್ಕೆ 18 ನಿಮಿಷ ಬರಿದೇ ಕಾಯುವುದಾಗುತ್ತಿತ್ತು. ಇದು ಸಣ್ಣ ನಷ್ಟವಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆ ಹಂಚಿಹೋದಾಗ ನಮ್ಮ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿತು. ಈ ಗಡಿನಾಡಿನಲ್ಲಿ ಕನ್ನಡ ಬೆರಳಚ್ಚು ಕಲಿಯಲು ನಮ್ಮ ಮಕ್ಕಳಲ್ಲಿ ಅನೇಕರಿಗೆ ಶಾಲೆಯ ಯಂತ್ರವೇ ಗತಿ.

ರಿಪೇರಿ ಬಲ್ಲವರೊಬ್ಬರು ಬಂದು ನೋಡಿ, "ಫಾರ್ಮ್ಯಾಟ್ ಮಾಡಿಬಿಡೋಣ, ಇಲ್ಲದಿದ್ದರೆ ಹೊಸದು ತನ್ನಿ ಸಾರ್" ಎಂದರು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದುಂಟೆ? ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ತೆಗೆದು ಹೊಸದಾಗಿ ಅಣಿಗೊಳಿಸುವುದು. ಆ ಡಿಸ್ಕಿನಲ್ಲಿ ಈ ವಾರ್ಷಿಕ ಸಂಚಿಕೆಗಾಗಿ ಹಿಂದಿನ ವರ್ಷಗಳ ಮಕ್ಕಳು ಬರೆದ ಕಥೆ, ಪ್ರಬಂಧಗಳಿದ್ದವು. ಬೇರೆಲ್ಲೂ ಅವುಗಳ ಪ್ರತಿ ಇರಲಿಲ್ಲ. ಆದುದರಿಂದ ತಡವಾಗಲು ಕಾರಣವೇನೆಂದು ನಾವೇ ಮೊದಲು ತಿಳಿಯಲು ಹೊರಟೆವು.

ಗುಂಡಿ ಒತ್ತಿದ ಮೇಲೆ ಒಳಗೆ ನಡೆಯುವುದೇನು? ಬೆಳಗಿನ ಶಾಲೆಯನ್ನೇ ನೆನೆಯಿರಿ. ಮೊದಲು ಬಾಗಿಲು ತೆರೆದು ಎಲ್ಲವೂ ಸರಿಯಿದೆಯೇ ಎಂದು ನೋಡುತ್ತೇವೆ. ಯಂತ್ರವೂ ಹಾಗೆಯೇ ನೆನಪು, ಕೀಲಿಮಣೆ, ಡಿಸ್ಕು ಇವುಗಳನ್ನು ಪರೀಕ್ಷಿಸುತ್ತದೆ. ಅನಂತರ ಬೀರುವಿನಲ್ಲಿರುವ ಪುಸ್ತಕಗಳನ್ನು ಮೇಜಿನ ಮೇಲೆ ತಂದಿಡುತ್ತೇವೆ. ಇಲ್ಲಿ ಡಿಸ್ಕು ಬೀರು, ರ್‍ಯಾಮ್ ಎಂಬ ನೆನಪು ಮೇಜು, ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆ ಪುಸ್ತಕ. ಕೊನೆಗೆ, ತಾವಾಗಿ ಏಳುವ ಸಣ್ಣಪುಟ್ಟ ತಂತ್ರಾಂಶಗಳು ಒಂದೊಂದಾಗಿ ಒಳಗೆ ಬರುತ್ತವೆ.

ಈ ಮೂರು ಹಂತಗಳಲ್ಲಿ ತಡ ಎಲ್ಲಿ? ಇದನ್ನು ತಿಳಿಯಲು ಗಡಿಯಾರವೊಂದು ಸಾಕು. ಹತ್ತನೆಯ ತರಗತಿಯ ಮಕ್ಕಳು ಕಾಲ ಗುರುತು ಹಾಕಿದರು. ಮೊದಲ ಹಂತಕ್ಕೆ ಅರ್ಧ ನಿಮಿಷ, ಎರಡನೆಯದಕ್ಕೆ ಎರಡೂವರೆ ನಿಮಿಷ, ಮೂರನೆಯದಕ್ಕೆ 6 ನಿಮಿಷ. ಹೆಚ್ಚಿನ ರೋಗ ಮೂರನೆಯ ಹಂತದಲ್ಲಿತ್ತು.

ಚಿಕಿತ್ಸೆಗೆ ಮುಂಚೆ ಮಾಡಬೇಕಾದ ಕೆಲಸ ಒಂದುಂಟು. ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ನಾವು ಪೆನ್‌ಡ್ರೈವಿಗೆ ಪ್ರತಿ ಮಾಡಿಕೊಂಡು ಇನ್ನೊಂದು ಯಂತ್ರದಲ್ಲಿ ತೆರೆದರೆ, ಹಳೆಯ ಪ್ರಬಂಧಗಳೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಹೆದರಬೇಕಾದ್ದಿಲ್ಲ. ಹಿಂದಿನ ಅನೇಕ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ರೂಪಗಳನ್ನು ಕೂರಿಸುತ್ತಿದ್ದವು. ಆ ಫಾಂಟು ಇಲ್ಲದ ಕಡೆ ಕನ್ನಡ ಕಾಣದು. 1991ರಲ್ಲಿ ಬಂದ ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಸ್ಥಾನಗಳಿವೆ. ಆದ್ದರಿಂದ ಹಳೆಯ ಕಡತಗಳನ್ನು ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿ, ತಪ್ಪುಗಳನ್ನು ತಿದ್ದಿ, ಎರಡು ಕಡೆ ಇಟ್ಟೆವು.

ಇನ್ನು ಚಿಕಿತ್ಸೆ. ಮೊದಲನೆಯದಾಗಿ, ತಾವಾಗಿ ಏಳುವ ತಂತ್ರಾಂಶಗಳು. ವಿಂಡೋಸ್ 10ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಸ್ಟಾರ್ಟಪ್ ಎಂಬ ಪಟ್ಟಿಯಿದೆ. ಆಟ, ಹಾಡು, ಮಾತುಕತೆಯ ತಂತ್ರಾಂಶಗಳು ನಾವು ಕರೆಯದೆಯೇ ಪಂಕ್ತಿಯಲ್ಲಿ ಕುಳಿತಿದ್ದವು. ಅವನ್ನು ಡಿಸೇಬಲ್ ಮಾಡಿದೆವು. ಇದರಿಂದ ತಂತ್ರಾಂಶ ಅಳಿಯುವುದಿಲ್ಲ. ಕರೆದಾಗ ಮಾತ್ರ ಬರುತ್ತದೆ. ವೈರಸ್ ತಡೆಯುವ ತಂತ್ರಾಂಶವನ್ನು ಮಾತ್ರ ನಿಲ್ಲಿಸಬಾರದು. ಆದರೆ ಅಂಥವು ಎರಡಿದ್ದರೆ ಒಂದೇ ಕಡತವನ್ನು ಎರಡೂ ತಪಾಸಣೆ ಮಾಡುತ್ತ ತೊಡಕಾಗುತ್ತದೆ; ಒಂದನ್ನು ತೆಗೆಯಬೇಕು. ಇಷ್ಟರಿಂದಲೇ 9 ನಿಮಿಷ 5ಕ್ಕೆ ಇಳಿಯಿತು.

ಎರಡನೆಯದಾಗಿ, ಬೀರು ತುಂಬಿ ತುಳುಕುತ್ತಿದ್ದರೆ ಬೇಕಾದುದನ್ನು ತೆಗೆಯುವುದು ಕಷ್ಟ. ಡಿಸ್ಕಿನ ಐದನೆಯ ಒಂದು ಪಾಲಾದರೂ ಖಾಲಿಯಿದ್ದರೆ ಒಳ್ಳೆಯದು. ಬೇಡದ ಸಿನಿಮಾ, ಒಂದೇ ಚಿತ್ರದ ಹತ್ತು ಪ್ರತಿ ಇವು ಹೋದವು.

ಮೂರನೆಯದಾಗಿ, ಮೇಜು ಚಿಕ್ಕದಿದ್ದರೆ ಪುಸ್ತಕವನ್ನು ಬೀರುವಿಗೆ ಇಡುವುದು, ತೆಗೆಯುವುದು ಇದೇ ಕೆಲಸ. ನಮ್ಮದರಲ್ಲಿ 2 ಜಿಬಿ ರ್‍ಯಾಮ್ ಇತ್ತು. ಇನ್ನೂ 2 ಜಿಬಿ ಸೇರಿಸಿದೆವು.

ನಾಲ್ಕನೆಯದು ಡಿಸ್ಕು. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ತಟ್ಟೆಗಳು ನಿಮಿಷಕ್ಕೆ ಸಾಮಾನ್ಯವಾಗಿ 5400 ಅಥವಾ 7200 ಸಲ ಸುತ್ತುತ್ತವೆ. ಓದುವ ಮುಳ್ಳು ತಟ್ಟೆಯ ಬೇರೆ ಬೇರೆ ಕಡೆಗೆ ಹೊರಳಿ ಸಾವಿರಾರು ತುಣುಕುಗಳನ್ನು ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ಸುತ್ತುವ ಭಾಗವೇ ಇಲ್ಲ. ಚಿಪ್ಪುಗಳಿಂದ ನೇರ ಓದು. ನಮ್ಮ ಡಿಸ್ಕು ಟಿಕ್ ಟಿಕ್ ಎನ್ನತೊಡಗಿತ್ತು. ಅದು ಕೆಡುವ ಮುನ್ಸೂಚನೆ. ಪಾಲಕರ ಸಹಾಯದಿಂದ ಎಸ್‌ಎಸ್‌ಡಿ ಹಾಕಿಸಿದೆವು. ಈಗ ಒಂದು ನಿಮಿಷದೊಳಗೆ ಯಂತ್ರ ಸಿದ್ಧ. ಹಳೆಯ ಡಿಸ್ಕು ತಿಂಗಳೊಳಗೆ ಪೂರ್ತಿ ನಿಂತುಹೋಯಿತು. ಪ್ರತಿ ತೆಗೆಯದಿದ್ದರೆ ಮಕ್ಕಳ ಬರಹಗಳ ಗತಿಯೇನಾಗುತ್ತಿತ್ತು!

ಇನ್ನೆರಡು ಮಾತು. ಯಂತ್ರ ದಿನವೂ ತಪ್ಪು ತಾರೀಖು ತೋರಿಸಿ, ಆರಂಭದಲ್ಲೇ ನಿಂತು ಕೀಲಿ ಒತ್ತೆನ್ನುತ್ತಿದ್ದರೆ, ಒಳಗಿನ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಮುಗಿದಿರಬಹುದು. ನಮ್ಮ ಬಿಸಿಲುಸೀಮೆಯ ಧೂಳು ಒಳಗಿನ ಫ್ಯಾನಿಗೆ ಮೆತ್ತಿದರೆ ಯಂತ್ರ ಕಾದು ತನ್ನ ವೇಗ ತಾನೇ ತಗ್ಗಿಸುತ್ತದೆ; ಪ್ಲಗ್ ತೆಗೆದು, ಬಲ್ಲವರಿಂದ ಶುಚಿ ಮಾಡಿಸಬೇಕು.

ಪಾಲಕರಲ್ಲಿ ಒಂದು ವಿನಂತಿ. ಮನೆಯ ಯಂತ್ರ ನಿಧಾನವಾದರೆ ಕೂಡಲೇ ಹೊಸದಕ್ಕೆ ಸಾಲ ಮಾಡಬೇಡಿ. ಮೊದಲು ಪ್ರತಿ, ಆಮೇಲೆ ಪರೀಕ್ಷೆ, ಕೊನೆಗೆ ಖರ್ಚು. ಮಕ್ಕಳೇ, ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇನ್ನು ಯಂತ್ರದ ನೆಪ ನಿಮಗಿಲ್ಲ. ಉಳಿದ ಆ ನಿಮಿಷಗಳಲ್ಲಿ ನಿಮ್ಮ ಊರಿನ ಬಗ್ಗೆ ಒಂದು ಪುಟ ಕನ್ನಡದಲ್ಲಿ ಬೆರಳಚ್ಚು ಮಾಡಿ ತನ್ನಿ. ಮುಂದಿನ ಸಂಚಿಕೆಗೆ ಅದನ್ನೇ ಕಾಯುತ್ತಿರುತ್ತೇವೆ.