ಕುಣಿಕೆ ಕಳೆಯುವ ಜಾಣ್ಮೆ

ಲಂಡನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ 16ನೇ ಶತಮಾನದ ಒಂದು ಪುಟ್ಟ ಉಣ್ಣೆಯಂಗಿ ಇದೆ. ಎಳೆಗೂಸಿಗೆಂದು ಕೈಯಲ್ಲೇ ಹೆಣೆದದ್ದು. ಇಂದು ಬಾಣಂತನಕ್ಕೆಂದು ಹ್ಯಾರೋಗೋ ಹೌನ್ಸ್‌ಲೋಗೋ ಬರುವ ಕನ್ನಡದ ಅಜ್ಜಿಯರ ಪೆಟ್ಟಿಗೆಯಲ್ಲಿ ಕುಲಾವಿ, ಸ್ವೆಟರುಗಳಿರುವುದೂ ಅದೇ ಚಳಿಗೆ ಹೆದರಿ. ಆದರೆ ಹೆಣಿಗೆ ಕಲಿತವರಲ್ಲೂ ಅನೇಕರು ಮಫ್ಲರಿಗೇ ನಿಂತುಬಿಡುತ್ತಾರೆ. ಸ್ವೆಟರಿಗೆ ‘ಡಿಕ್ರೀಸ್’, ಅಂದರೆ ಕುಣಿಕೆ ಕಳೆಯುವುದು, ಗೊತ್ತಿರಬೇಕು. ಹೆಣಿಗೆಯ ವಿದ್ಯೆಯೆಲ್ಲ ಇರುವುದು ಅಲ್ಲೇ ಎನ್ನುವುದು ನನ್ನ ವಾದ.

ಕಳೆಯುವುದೆಂದರೆ ಎರಡು ಕುಣಿಕೆಗಳನ್ನು ಒಂದು ಮಾಡುವುದು, ಅಷ್ಟೇ. ಆದರೆ ಯಾವುದು ಮೇಲೆ ಬರುತ್ತದೆ ಎಂಬುದರ ಮೇಲೆ ಅದು ವಾಲುವ ದಿಕ್ಕು ನಿಂತಿದೆ. ಎರಡನ್ನೂ ಒಟ್ಟಿಗೆ ಹೆಣೆದರೆ ಎಡಗಡೆಯದು ಮೇಲೆ ಬಂದು ಬಲಕ್ಕೆ ವಾಲುತ್ತದೆ. ಮೊದಲನೆಯದನ್ನು ಹೆಣೆಯದೆ ಬಲಗಡ್ಡಿಗೆ ಜಾರಿಸಿ, ಮುಂದಿನದನ್ನು ಹೆಣೆದು, ಜಾರಿಸಿದ್ದನ್ನು ಅದರ ಮೇಲಿಂದ ದಾಟಿಸಿದರೆ ಎಡಕ್ಕೆ ವಾಲುತ್ತದೆ. ಕತ್ತಿನಿಂದ ಕಂಕುಳಿಗೆ ಓರೆಗೆರೆ ಇಳಿಯುವ ರಾಗ್ಲನ್ ಸ್ವೆಟರನ್ನು ಕೆಳಗಿನಿಂದ ಹೆಣೆಯುವಾಗ ಇಂಥ ಗೆರೆಗಳು ನಾಲ್ಕು. ಪ್ರತಿ ಗೆರೆಯ ಒಂದು ಮಗ್ಗುಲಲ್ಲಿ ಬಲವಾಲು, ಇನ್ನೊಂದರಲ್ಲಿ ಎಡವಾಲು. ಸುತ್ತು ಬಿಟ್ಟು ಸುತ್ತಿಗೆ ಎಂಟು ಕುಣಿಕೆ ಕಳೆಯುತ್ತವೆ: 160 ಇದ್ದದ್ದು ಹನ್ನೆರಡು ಸಲ ಕಳೆದರೆ 64ಕ್ಕೆ ಇಳಿದು ಕತ್ತಿನ ಅಳತೆಗೆ ಬರುತ್ತದೆ. ಎರಡೂ ಮಗ್ಗುಲಿಗೆ ಒಂದೇ ಬಗೆ ಹಾಕಿದರೆ ಅಳತೆ ಸರಿಯಾಗಿಯೇ ಬರುತ್ತದೆ, ಆದರೆ ಒಂದು ಗೆರೆ ನುಣ್ಣಗೆ, ಇನ್ನೊಂದು ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವಾಗ ಇಷ್ಟೆಲ್ಲ ಯಾಕೆ ಎನ್ನುವವರಿಗೆ ಚರಿತ್ರೆಯಲ್ಲೇ ಉತ್ತರವಿದೆ. ವಿಲಿಯಂ ಲೀ ಹೆಣಿಗೆಯ ಯಂತ್ರ ಮಾಡಿದ್ದು 1589ರಲ್ಲಿ. ಅದರ ಕಸುಬುದಾರರ ಸಂಘಕ್ಕೆ 1657ರಲ್ಲಿ ಲಂಡನ್ನಿನಲ್ಲಿ ಸನ್ನದು ಸಿಕ್ಕಿತು. ಆದರೂ ಕುಣಿಕೆ ಕಳೆಯುವುದು ಕೈಕೆಲಸವಾಗಿಯೇ ಬಹುಕಾಲ ಉಳಿಯಿತು. ಹಲವು ತುಂಡುಗಳಿಗೆ ಯಂತ್ರವೇ ಒಟ್ಟಿಗೆ ಆಕಾರ ಕೊಡುವ ವಿಲಿಯಂ ಕಾಟನ್ನನ ಪೇಟೆಂಟ್ ಬಂದದ್ದು 1864ರಲ್ಲಿ. ಈ ನಡುವೆ ಕೆಲವು ಮಾಲೀಕರು ಅಡ್ಡದಾರಿ ಹಿಡಿದರು: ಅಗಲ ಬಟ್ಟೆ ಹೆಣೆದು, ಕತ್ತರಿಸಿ, ಹೊಲಿದು ಕಾಲುಚೀಲ ಮಾರಿದರು. 1811ರಲ್ಲಿ ನಾಟಿಂಗ್‌ಹ್ಯಾಮಿನ ಹೆಣಿಗೆಯವರು ಯಂತ್ರಗಳನ್ನು ಒಡೆದದ್ದಕ್ಕೆ ಈ ಕಳಪೆ ಮಾಲೂ ಒಂದು ಕಾರಣ. ಅವರಿಗೆ ಮರಣದಂಡನೆ ವಿಧಿಸುವ ಮಸೂದೆಯನ್ನು ವಿರೋಧಿಸಿ ಕವಿ ಬೈರನ್ 1812ರ ಫೆಬ್ರವರಿಯಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮಾತಾಡಿದ. ಮಸೂದೆ ಪಾಸಾಯಿತು.

ಕೂಸು ನಾಲ್ಕೇ ತಿಂಗಳಲ್ಲಿ ಬೆಳೆದುಬಿಡುತ್ತದಲ್ಲ ಎಂಬ ಆಕ್ಷೇಪ ನಿಜ. ಆದರೆ ಕತ್ತರಿಸಿ ಹೊಲಿದ ಬಟ್ಟೆಯನ್ನು ಬಿಚ್ಚಿದರೆ ತುಂಡು ನೂಲು. ಕುಣಿಕೆ ಕಳೆದು ಆಕಾರ ಕೊಟ್ಟದ್ದನ್ನು ತುದಿಯಿಂದ ಎಳೆದರೆ ಉಣ್ಣೆ ಉದ್ದಕ್ಕೆ ವಾಪಸು ಬಂದು ದೊಡ್ಡ ಸ್ವೆಟರಿಗೆ ಸೇರುತ್ತದೆ. ಒಳಗಿನ ದಪ್ಪ ಹೊಲಿಗೆ ಎಳೆಚರ್ಮಕ್ಕೆ ಉಜ್ಜುವ ಬಾಧೆಯೂ ಇಲ್ಲ. ಹೇಳಿಕೊಡುವ ಕೈಗಳು ಮನೆಗಳಲ್ಲಿ ಕಡಿಮೆಯಾಗುತ್ತಿವೆ. ಮೊಮ್ಮಗುವನ್ನು ನೋಡಲು ಅಜ್ಜಿ ಬಂದಿದ್ದರೆ ಅವರ ಪಕ್ಕದಲ್ಲಿ ಕೂತು, ಇಪ್ಪತ್ತು ಕುಣಿಕೆಯ ಒಂದು ತುಂಡಿನಲ್ಲಿ ಈ ಎರಡೂ ಬಗೆಯನ್ನು ಕಲಿತುಕೊಳ್ಳಿ.